ಸೀಜ್ ಆಗದ ಕಾರ್ಟ್ ಇಂಜಿನ್: ಪಿಟ್‌ನಲ್ಲಿ ನೆನಪಿಡಬೇಕಾದ ಸೂತ್ರಗಳು

ಕಾರ್ಟ್ ಇದ್ದಕ್ಕಿದ್ದಂತೆ ಸದ್ದಡಗಿ ನಿಂತಾಗ ಪಿಟ್‌ನಲ್ಲಿ ಮೊದಲು ಕೇಳಿಬರುವ ಮಾತು ‘ಸೀಜ್ ಆಯ್ತು’. ಅದರ ಹಿಂದೆಯೇ ಬರುವುದು ‘ನಸೀಬು ಸರಿಯಿಲ್ಲ’. ಸೀಜ್ ಆಗುವುದಕ್ಕೂ ನಸೀಬಿಗೂ ಸಂಬಂಧವಿಲ್ಲ. ಅದು ಶಾಖ ಮತ್ತು ಸಂದಿನ ಲೆಕ್ಕ, ಅಷ್ಟೇ. ಆ ಲೆಕ್ಕ ಗೊತ್ತಿದ್ದವರ ಇಂಜಿನ್ ಬಾಳುತ್ತದೆ.

ರೋಟಾಕ್ಸ್ ಮ್ಯಾಕ್ಸ್‌ನಂಥ 125 ಸಿಸಿ ಇಂಜಿನ್ನಿನ ಬೋರ್ 54 ಮಿಲಿಮೀಟರ್. ಪಿಸ್ಟನ್ನಿಗೂ ಬೋರಿನ ಗೋಡೆಗೂ ನಡುವಿನ ಸಂದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಹೊಸದರಲ್ಲಿ ಇನ್ನೂ ಕಡಿಮೆ. ಅಷ್ಟು ಅಗಲದ ಅಲ್ಯೂಮಿನಿಯಂ ಪಿಸ್ಟನ್ ಒಂದು ಡಿಗ್ರಿ ಬಿಸಿಯೇರಿದರೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಹಿಗ್ಗುತ್ತದೆ. ಬ್ಲಾಕ್ ತಣ್ಣಗಿರುವಾಗಲೇ ಪಿಸ್ಟನ್ ನೂರು ಡಿಗ್ರಿ ಹೆಚ್ಚು ಬಿಸಿಯಾದರೆ ಸಂದು ಮುಗಿದಂತೆ. ನಿಮಿಷಕ್ಕೆ 12,000 ಸುತ್ತು ಎಂದರೆ ಪಿಸ್ಟನ್ ಸೆಕೆಂಡಿಗೆ 200 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ, ಪ್ರತಿ ಸುತ್ತಿನಲ್ಲೂ ಇಂಧನ ಉರಿಯುತ್ತದೆ. ಎಣ್ಣೆಯ ಪೊರೆ ಒಂದು ಕಡೆ ಹರಿದರೂ ಸಾಕು, ಅಲ್ಯೂಮಿನಿಯಂ ಮೆತ್ತಗಾಗಿ ಗೋಡೆಗೆ ಬಳಿದುಕೊಳ್ಳುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸೀಜ್ ಎಂದರೆ ಇದೇ.

ಫೋರ್-ಸ್ಟ್ರೋಕ್ ಇಂಜಿನ್ನಿನ ತಳದಲ್ಲಿ ಎಣ್ಣೆಯ ಸಂಗ್ರಹ ಇರುತ್ತದೆ. ಟೂ-ಸ್ಟ್ರೋಕ್ ಕಾರ್ಟಿನಲ್ಲಿ ಅದಿಲ್ಲ. ಪೆಟ್ರೋಲಿನ ಜೊತೆ ಬೆರೆತು ಬರುವ ಎಣ್ಣೆಯೊಂದೇ ಆಧಾರ. ಪಿಸ್ಟನ್ನನ್ನು ಒಳಗಿನಿಂದ ತಣಿಸುವುದೂ ಅದೇ ಪೆಟ್ರೋಲ್. ಪೆಟ್ರೋಲ್ ಕಡಿಮೆ ಬಂತೆಂದರೆ ತಂಪು, ಎಣ್ಣೆ ಎರಡೂ ಒಟ್ಟಿಗೆ ಕಡಿಮೆಯಾಗುತ್ತವೆ. ಕೆಳಗಿನ ಸೂತ್ರಗಳೆಲ್ಲ ಹುಟ್ಟುವುದು ಇಲ್ಲಿಂದ.

1. ಎಣ್ಣೆಯನ್ನು ಅಳೆದು ಹಾಕಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕ್‌ಗಳನ್ನು ತಯಾರಿಸಿತು. ಆ ಬೈಕ್ ಓಡಿಸಿದ ಹಿರಿಯರಿಗೆ ಬಂಕ್‌ನಲ್ಲಿ ‘ಆಯಿಲ್ ಹಾಕಿ’ ಎಂದು ಹೇಳುವ ಅಭ್ಯಾಸ ಇನ್ನೂ ನೆನಪಿರುತ್ತದೆ. ಆಮೇಲೆ ಬಂದ ಯಮಹಾ ಆರ್‌ಎಕ್ಸ್ 100ರಲ್ಲಿ ಎಣ್ಣೆಗೆ ಬೇರೆ ಟ್ಯಾಂಕ್, ಬೇರೆ ಪಂಪ್ ಇದ್ದವು. ಕಾರ್ಟಿನಲ್ಲಿ ಅಂಥ ಅನುಕೂಲವಿಲ್ಲ, ನೀವೇ ಬೆರೆಸಬೇಕು.

ರೋಟಾಕ್ಸ್ ಮ್ಯಾಕ್ಸ್‌ಗೆ ಶೇ. 2 ಎಣ್ಣೆ, ಅಂದರೆ 5 ಲೀಟರ್ ಪೆಟ್ರೋಲಿಗೆ 100 ಮಿಲಿಲೀಟರ್. ಇದರ ದುಪ್ಪಟ್ಟು ಎಣ್ಣೆ ಕೇಳುವ ಇಂಜಿನ್‌ಗಳೂ ಇವೆ. ನಿಮ್ಮ ಇಂಜಿನ್ನಿನ ಕೈಪಿಡಿ ಏನು ಹೇಳುತ್ತದೋ ಅದನ್ನು ಗೆರೆ ಹಾಕಿದ ಅಳತೆ ಪಾತ್ರೆಯಲ್ಲಿ ಅಳೆಯಿರಿ. ಬಾಟಲಿಯ ಮುಚ್ಚಳ, ಕಣ್ಣಂದಾಜು, ಬಣ್ಣ ಯಾವುದೂ ಅಳತೆಯಾಗುವುದಿಲ್ಲ. ಮೊದಲು ಅರ್ಧ ಪೆಟ್ರೋಲ್, ಆಮೇಲೆ ಎಣ್ಣೆ, ಚೆನ್ನಾಗಿ ಕುಲುಕಿ, ಉಳಿದ ಪೆಟ್ರೋಲ್, ಮತ್ತೆ ಕುಲುಕಿ.

ಇನ್ನೊಂದು ತಪ್ಪು ನಂಬಿಕೆಯನ್ನು ಬಿಡಿಸಬೇಕಿದೆ: ‘ಎಣ್ಣೆ ಜಾಸ್ತಿ ಹಾಕಿದರೆ ಇಂಜಿನ್ ಸೇಫ್’. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ಟಿನ ರಂಧ್ರ ಅಷ್ಟೇ ಇರುತ್ತದೆ. ಎಣ್ಣೆ ಹೆಚ್ಚಾದಷ್ಟೂ ಅದರಲ್ಲಿ ಹಾಯುವ ಪೆಟ್ರೋಲ್ ಕಡಿಮೆ, ಮಿಶ್ರಣ ಮಂದವಾದಷ್ಟೂ ಹರಿವು ನಿಧಾನ. ಎಣ್ಣೆಯ ಪ್ರಮಾಣ ಬದಲಿಸಿದಿರಾದರೆ ಜೆಟ್ಟನ್ನೂ ಮತ್ತೆ ಪರೀಕ್ಷಿಸಲೇಬೇಕು.

2. ಪ್ರತಿ ಕ್ಯಾನಿನ ಮೇಲೂ ಬರೆಯಿರಿ.

ಎಣ್ಣೆ ಬೆರೆಸಿದ್ದೋ ಇಲ್ಲವೋ, ಶೇಕಡಾ ಎಷ್ಟು, ಯಾವ ದಿನ ಎಂಬುದನ್ನು ಮಾರ್ಕರ್‌ನಲ್ಲಿ ಬರೆಯಿರಿ. ಬೆರೆಸದ ಪೆಟ್ರೋಲಿನ ಕ್ಯಾನ್ ಪಿಟ್‌ನೊಳಗೆ ಬರಲೇಬಾರದು. ರೇಸಿನ ಗಡಿಬಿಡಿಯಲ್ಲಿ ಸಹಾಯಕ್ಕೆ ಬಂದ ಹುಡುಗ ಕೈಗೆ ಸಿಕ್ಕ ಕ್ಯಾನ್ ಸುರಿದರೆ ಅವನ ತಪ್ಪೇನೂ ಇಲ್ಲ.

3. ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದು ತಿಳಿದುಕೊಳ್ಳಿ.

ನಮ್ಮ ಬಂಕ್‌ಗಳಲ್ಲಿ ಈಗ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಒಂದು ಭಾಗ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಎಥನಾಲಿಗೆ 9 ಭಾಗ ಸಾಕು. ಅಂದರೆ ಎಥನಾಲ್ ಬೆರೆತಾಗ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಹೋಗಬೇಕು. ಎಥನಾಲ್ ಇಲ್ಲದ ಪೆಟ್ರೋಲಿಗೆ ಹೊಂದಿಸಿದ ಜೆಟ್ಟಿನಲ್ಲೇ ಇದನ್ನು ಓಡಿಸಿದರೆ ಇಂಜಿನ್ ಸದ್ದಿಲ್ಲದೆ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗುವುದಿಲ್ಲ. ವಿದೇಶದ ಜೆಟ್ ಪಟ್ಟಿಯನ್ನು ಇಲ್ಲಿ ಹಾಗೆಯೇ ಬಳಸುವವರು ಇದನ್ನು ಮೊದಲು ಗಮನಿಸಬೇಕು.

ಪರೀಕ್ಷೆ ಸುಲಭ. ಗೆರೆಯಿರುವ ಗಾಜಿನ ಕೊಳವೆಯಲ್ಲಿ 100 ಮಿಲಿ ಪೆಟ್ರೋಲಿಗೆ 10 ಮಿಲಿ ನೀರು ಹಾಕಿ, ಕುಲುಕಿ, ತಿಳಿಯಾಗಲು ಬಿಡಿ. ಎಥನಾಲ್ ನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ. ಕೆಳಗಿನ ಪದರ 10 ಮಿಲಿಗಿಂತ ಎಷ್ಟು ಮೇಲೇರಿತೋ ಹೆಚ್ಚುಕಡಿಮೆ ಅಷ್ಟು ಎಥನಾಲ್ ಇದೆ ಎಂದರ್ಥ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ಖಾಲಿ ಕ್ಯಾನನ್ನು ವಾರಗಟ್ಟಲೆ ಇಟ್ಟರೆ ತಳದಲ್ಲಿ ನೀರು ಬೇರೆಯಾಗಿ ಕೂರಬಹುದು. ಬೆರೆಸಿಟ್ಟು ಹಳತಾದ ಪೆಟ್ರೋಲನ್ನು ಕಾರ್ಟಿಗೆ ಹಾಕಲೇಬೇಡಿ.

4. ಬ್ಲಾಕ್ ಬಿಸಿಯಾಗುವವರೆಗೆ ತಾಳಿ.

ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟಗಳನ್ನು ಬಿಡಿಸಲು ಮನೆಯಲ್ಲಿ ಏನು ಮಾಡುತ್ತಾರೆ? ಹೊರಗಿನ ಲೋಟವನ್ನು ಬಿಸಿನೀರಿನಲ್ಲಿಟ್ಟು ಒಳಗಿನದಕ್ಕೆ ತಣ್ಣೀರು ಹಾಕುತ್ತಾರೆ. ತಣ್ಣಗಿನ ಇಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಪೂರ್ತಿ ರೇಸ್ ಕೊಡುವವರು ಇದರ ತದ್ವಿರುದ್ಧ ಮಾಡುತ್ತಾರೆ: ಒಳಗಿನ ಪಿಸ್ಟನ್ ಸೆಕೆಂಡುಗಳಲ್ಲಿ ಕಾದು ಹಿಗ್ಗುತ್ತದೆ, ಸುತ್ತ ತಣ್ಣೀರಿರುವ ಬ್ಲಾಕ್ ಹಿಗ್ಗಿರುವುದಿಲ್ಲ. ಕೋಲ್ಡ್ ಸೀಜ್ ಎನ್ನುವುದು ಇದನ್ನೇ. ಇಂಜಿನ್ನಿನಲ್ಲಿ ಬೇರೆ ಯಾವ ದೋಷವೂ ಇಲ್ಲದಿದ್ದರೂ ಇದು ಆಗುತ್ತದೆ.

ಸ್ಟ್ಯಾಂಡಿನ ಮೇಲೆ ಹಗುರವಾಗಿ ಓಡಿಸಿ, ನೀರಿನ ಮೀಟರ್ 40 ಡಿಗ್ರಿ ದಾಟಲಿ. ಆಮೇಲೂ ಮೊದಲ ಒಂದೆರಡು ಲ್ಯಾಪ್ ಅರ್ಧ ಎಕ್ಸಲರೇಟರ್‌ನಲ್ಲಿ ಹೋಗಿ. ಯಮಹಾ ಕೆಟಿ 100ರಂಥ ಗಾಳಿಯಿಂದ ತಣಿಯುವ ಇಂಜಿನ್ನಿಗೆ ಮೀಟರಿಗಿಂತ ಈ ಲ್ಯಾಪ್‌ಗಳೇ ಮುಖ್ಯ.

5. ಇವತ್ತಿನ ಗಾಳಿಗೆ ಇವತ್ತಿನ ಜೆಟ್.

ಈ ಸೂತ್ರಕ್ಕೆ ಹೆಚ್ಚು ಜಾಗ ಬೇಕು, ಏಕೆಂದರೆ ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ಇಂಜಿನ್‌ಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 10 ಕಡಿಮೆ. ತೆಳುವಾದ ಗಾಳಿಗೆ ಕಡಿಮೆ ಪೆಟ್ರೋಲ್ ಸಾಕು, ಹಾಗಾಗಿ ಇಲ್ಲಿ ಅಭ್ಯಾಸ ಮಾಡುವವರು ಚಿಕ್ಕ ಜೆಟ್ ಹಾಕಿರುತ್ತಾರೆ. ಅದೇ ಕಾರ್ಟನ್ನು ವಾರಾಂತ್ಯಕ್ಕೆ ಟೆಂಪೊಗೆ ಹಾಕಿಕೊಂಡು ಚೆನ್ನೈ ಬಳಿಯ ಇರುಂಗಟ್ಟುಕೋಟೈ ಟ್ರ್ಯಾಕಿಗೆ ಇಳಿಸಿದರೆ ಅಲ್ಲಿ ದಟ್ಟ ಗಾಳಿ. ಚೆನ್ನೈನ ಬಿಸಿಲು ಮತ್ತು ತೇವ ಆ ದಟ್ಟತೆಯನ್ನು ಸ್ವಲ್ಪ ಕಡಿಮೆ ಮಾಡುತ್ತವೆ ನಿಜ, ಪೂರ್ತಿ ಅಲ್ಲ. ಗಾಳಿ ದಟ್ಟವಾದಷ್ಟೇ ಪ್ರಮಾಣದಲ್ಲಿ ಕಾರ್ಬುರೇಟರ್ ಪೆಟ್ರೋಲನ್ನು ಹೆಚ್ಚಿಸುವುದಿಲ್ಲ. ಅದು ಹೆಚ್ಚಿಸುವುದು ಹೆಚ್ಚುಕಡಿಮೆ ಅರ್ಧದಷ್ಟು. ಉಳಿದ ಅರ್ಧ ಕೊರತೆಯಾಗಿ ಪಿಸ್ಟನ್ನಿನ ಮೇಲೆ ಬೀಳುತ್ತದೆ. ಘಟ್ಟ ಇಳಿದು ಹೋಗುವಾಗ ದೊಡ್ಡ ಜೆಟ್, ಹತ್ತಿ ಬರುವಾಗ ಚಿಕ್ಕದು. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಈ ಎರಡರ ನಡುವಿನ ಎತ್ತರದಲ್ಲಿದೆ, ಅಲ್ಲಿಗೆ ಬೇರೆಯೇ ಲೆಕ್ಕ.

ಊರು ಬದಲಾಗದಿದ್ದರೂ ಹೊತ್ತು ಬದಲಾಗುತ್ತದೆ. ಉಷ್ಣತೆ ಪ್ರತಿ 3 ಡಿಗ್ರಿ ಇಳಿದಾಗ ಗಾಳಿ ಸುಮಾರು ಶೇ. 1ರಷ್ಟು ದಟ್ಟವಾಗುತ್ತದೆ. ಶನಿವಾರ ಮಧ್ಯಾಹ್ನದ ಬಿಸಿಲಿನಲ್ಲಿ ಆರಿಸಿದ ಜೆಟ್ ಭಾನುವಾರ ಬೆಳಗಿನ ತಂಪಿನಲ್ಲಿ ಲೀನ್. ಬೆಳಗಿನ ಮೊದಲ ಸುತ್ತಿಗೆ ಯಾವಾಗಲೂ ಒಂದು ನಂಬರ್ ದೊಡ್ಡದು ಹಾಕಿ ಇಳಿಯಿರಿ.

ತುಂಬ ಜನ ಮೋಸಹೋಗುವ ಇನ್ನೊಂದು ಸಂಗತಿ ಇದೆ. ಲೀನ್ ಆದ ಇಂಜಿನ್ ಮೊದಲು ಸೊರಗುವುದಿಲ್ಲ, ಚುರುಕಾಗುತ್ತದೆ. ಸೀಜ್ ಆಗುವುದಕ್ಕೆ ಮುಂಚಿನ ಲ್ಯಾಪ್ ಆ ದಿನದ ಅತಿ ವೇಗದ ಲ್ಯಾಪ್ ಆಗಿರುವುದು ಅಪರೂಪವಲ್ಲ. ಕಾರಣ ಗೊತ್ತಿಲ್ಲದೆ ಲ್ಯಾಪ್ ಸಮಯ ಇಳಿದರೆ ಸಂತೋಷಪಡುವ ಮೊದಲು ಪ್ಲಗ್ ಬಿಚ್ಚಿ ನೋಡಿ. ಟಿಲ್ಲಟ್ಸನ್, ವಾಲ್ಬ್ರೋ ಥರದ ಸ್ಕ್ರೂ ಇರುವ ಕಾರ್ಬುರೇಟರ್ ಇದ್ದರೆ ಹೈ ಸ್ಪೀಡ್ ಸ್ಕ್ರೂವನ್ನು ಕೊಂಚ ತೆರೆದೇ ಶುರುಮಾಡಿ, ಬಿಗಿ ಮಾಡುವುದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮಾಡಿ.

6. ಕಳ್ಳಗಾಳಿಯನ್ನು ಹುಡುಕಿ.

ಜೆಟ್ ಎಷ್ಟೇ ಸರಿಯಿದ್ದರೂ ಕಾರ್ಬುರೇಟರ್ ದಾಟಿದ ಮೇಲೆ ಎಲ್ಲಿಂದಲೋ ಗಾಳಿ ನುಗ್ಗಿದರೆ ಮಿಶ್ರಣ ಕೆಡುತ್ತದೆ. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್, ಬ್ಲಾಕಿನ ಅಡಿಯ ಪ್ಯಾಕಿಂಗ್, ರೀಡ್ ವಾಲ್ವ್ ಕೂರುವ ಜಾಗ, ಕಾರ್ಬುರೇಟರಿನ ರಬ್ಬರ್, ಇಷ್ಟೂ ಕಡೆ ಅನುಮಾನವಿರಲಿ. ಎಕ್ಸಲರೇಟರ್ ಬಿಟ್ಟರೂ ಸುತ್ತು ಇಳಿಯದೆ ಮೇಲೆಯೇ ನಿಂತರೆ, ನಿನ್ನೆ ಸರಿಯಿದ್ದ ಜೆಟ್ ಇವತ್ತು ಲೀನ್ ತೋರಿಸಿದರೆ ಜೆಟ್ ಬದಲಿಸಲು ಹೋಗಬೇಡಿ, ಮೊದಲು ಸೋರಿಕೆ ನೋಡಿ.

ಸೈಲೆನ್ಸರ್ ಬಾಯಿ ಮತ್ತು ಕಾರ್ಬುರೇಟರ್ ಬಾಯಿಯನ್ನು ರಬ್ಬರಿನಿಂದ ಮುಚ್ಚಿ, ಕೈಪಂಪಿನಿಂದ ಸುಮಾರು 6 ಪಿಎಸ್‌ಐ ಒತ್ತಡ ತುಂಬಿಸಿ ಕಾಯಿರಿ. ಮುಳ್ಳು ಹಲವು ನಿಮಿಷ ಅಲ್ಲಾಡದಿದ್ದರೆ ಸರಿ. ಇಳಿದರೆ ಜೋಡಣೆಗಳಿಗೆಲ್ಲ ಸೋಪಿನ ನೀರು ಸವರಿ, ಗುಳ್ಳೆ ಎದ್ದಲ್ಲಿ ಕಳ್ಳ ಸಿಕ್ಕಂತೆ. ಒತ್ತಡ ಇನ್ನೂ ಹೆಚ್ಚಿಸಬೇಡಿ, ಒಳ್ಳೆಯ ಸೀಲೂ ಹಾರಿಹೋಗುತ್ತದೆ. ಈ ಪರೀಕ್ಷೆಯ ಸಲಕರಣೆಗೆ ಆಗುವ ಖರ್ಚು ಒಂದು ಪಿಸ್ಟನ್ನಿನ ಬೆಲೆಯ ಮುಂದೆ ಏನೂ ಅಲ್ಲ. ಆದರೂ ಎಷ್ಟೋ ಪಿಟ್‌ಗಳಲ್ಲಿ ಇದು ಇರುವುದಿಲ್ಲ, ನೋಡಿದಾಗ ಬೇಸರವಾಗುತ್ತದೆ.

7. ಟ್ಯಾಂಕಿನಿಂದ ಜೆಟ್‌ವರೆಗಿನ ದಾರಿ ತೆರೆದಿರಲಿ.

ಫಿಲ್ಟರ್, ಮಡಚಿದ ಪೈಪ್, ಪಂಪಿನ ಡಯಾಫ್ರಂ, ಟ್ಯಾಂಕ್ ಮುಚ್ಚಳದ ಗಾಳಿಕೊಳವೆ. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಅದು ಮುಚ್ಚಿದರೆ ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ಹೊರಬರುವುದಿಲ್ಲ, ಕೆಲವು ಲ್ಯಾಪ್ ಸರಾಗವಾಗಿ ಓಡಿ ಆಮೇಲೆ ಇಂಜಿನ್ ಒಣಗುತ್ತದೆ. ಟ್ಯಾಂಕಿನ ತಳ ಕಾಣುವಷ್ಟು ಪೆಟ್ರೋಲಿನಲ್ಲಿ ಉದ್ದ ತಿರುವು ತೆಗೆದುಕೊಳ್ಳುವುದೂ ಅಪಾಯ.

8. ನೀರು ಬಿಸಿಯೂ ಆಗದಿರಲಿ, ತಟ್ಟನೆ ತಣ್ಣಗೂ ಆಗದಿರಲಿ.

ನೀರಿನಿಂದ ತಣಿಯುವ 125 ಸಿಸಿ ಇಂಜಿನ್‌ಗಳಿಗೆ 50ರಿಂದ 60 ಡಿಗ್ರಿ ಹಿತ. ಹಲವು ಕಾರ್ಟ್‌ಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದು ಆ್ಯಕ್ಸಲಿಗೆ ಸುತ್ತಿದ ತೆಳು ರಬ್ಬರ್ ಬೆಲ್ಟ್. ಅದು ಜಾರಿದರೂ, ಹರಿದರೂ ನೀರು ನಿಲ್ಲುತ್ತದೆ. ಪ್ರತಿ ಓಟದ ಮುಂಚೆ ಬೆರಳಿನಿಂದ ಎಳೆದು ನೋಡಿ. ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಯನ್ನು ತೆಗೆಯಿರಿ.

ಚಳಿಯಲ್ಲಿ ರೇಡಿಯೇಟರಿಗೆ ಟೇಪ್ ಅಂಟಿಸುವ ರೂಢಿ ಒಳ್ಳೆಯದೇ. ಇಡೀ ರೇಡಿಯೇಟರಿಗೆ ಒಂದೇ ಟೇಪ್ ಹಾಕಿ ನೇರ ಓಟದಲ್ಲಿ ಕಿತ್ತೆಸೆದರೆ ಮಾತ್ರ ತಣ್ಣನೆಯ ನೀರು ಒಮ್ಮೆಲೇ ಬ್ಲಾಕಿಗೆ ನುಗ್ಗಿ ಅದನ್ನು ಕುಗ್ಗಿಸುತ್ತದೆ, ಒಳಗೆ ಪಿಸ್ಟನ್ ಕಾದೇ ಇರುತ್ತದೆ. ಪಟ್ಟಿಪಟ್ಟಿಯಾಗಿ ಅಂಟಿಸಿ, ಒಂದೊಂದಾಗಿ ಕೀಳಿ.

9. ನೇರ ಓಟದ ಕೊನೆಯಲ್ಲಿ ಪಾದದ ಮೇಲೆ ಗಮನವಿರಲಿ.

ಪೂರ್ತಿ ಎಕ್ಸಲರೇಟರ್‌ನಲ್ಲಿ ಇಂಜಿನ್ ಬಿಸಿಯಾಗಿದ್ದರೂ ಪೆಟ್ರೋಲ್, ಎಣ್ಣೆ ಧಾರಾಳವಾಗಿ ಬರುತ್ತಿರುತ್ತವೆ. ತಿರುವಿಗೆ ಮುನ್ನ ಪಾದ ತೆಗೆದ ಕ್ಷಣ ಕಾರ್ಬುರೇಟರ್ ಮುಚ್ಚಿಕೊಳ್ಳುತ್ತದೆ. ಆದರೆ ಚಕ್ರಗಳು ಇಂಜಿನ್ನನ್ನು ಅದೇ ವೇಗದಲ್ಲಿ ತಿರುಗಿಸುತ್ತಲೇ ಇರುತ್ತವೆ. ಕಾದ ಪಿಸ್ಟನ್, ಸಾವಿರಾರು ಸುತ್ತು, ಬೇಕಾದಷ್ಟು ಬಾರದ ಎಣ್ಣೆ. ಸೀಜ್‌ಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಸಿಗುವುದಿಲ್ಲ.

100 ಸಿಸಿ ಕಾರ್ಟ್‌ಗಳ ಹಳೆಯ ಫೋಟೋಗಳಲ್ಲಿ ಚಾಲಕ ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದನ್ನು ಹಿಂದಕ್ಕೆ ಚಾಚಿರುವುದು ಕಾಣುತ್ತದೆ. ಗಾಳಿ ಒಳಹೋಗುವ ಬಾಯನ್ನು ಅಂಗೈಯಿಂದ ಕ್ಷಣಕಾಲ ಮುಚ್ಚಿ ಇಂಜಿನ್ನಿಗೆ ಒಂದು ಗುಟುಕು ಹೆಚ್ಚು ಪೆಟ್ರೋಲ್ ಕುಡಿಸುವ ಕಲೆ ಅದು. 500 ಸಿಸಿ ಟೂ-ಸ್ಟ್ರೋಕ್ ಬೈಕ್ ರೇಸರ್‌ಗಳು ಕ್ಲಚ್ ಮೇಲೆ ಸದಾ ಒಂದು ಬೆರಳು ಇಟ್ಟಿರುತ್ತಿದ್ದುದೂ ಇದೇ ಭಯಕ್ಕೆ. ಹೊಸಬರು ಕೈ ಬಿಡುವ ಸಾಹಸ ಮಾಡಬೇಡಿ. ನಿಮಗೆ ಸಾಕಾಗುವುದು ಇಷ್ಟು: ಮೇಲಿನ ಸುತ್ತುಗಳಲ್ಲಿ ಅರ್ಧ ಎಕ್ಸಲರೇಟರ್ ಹಿಡಿದು ಉದ್ದಕ್ಕೂ ಸಾಗಬೇಡಿ, ಬಿಟ್ಟರೆ ಪೂರ್ತಿ ಬಿಟ್ಟು ಬ್ರೇಕ್ ಹಾಕಿ ಸುತ್ತು ಬೇಗ ಇಳಿಸಿ.

ಇಂಜಿನ್ ಬಿಗಿಯಾಗಿ ಸುತ್ತು ತಾನಾಗಿ ಕುಸಿಯತೊಡಗಿದರೆ ಒಂದು ಕ್ಷಣವೂ ಯೋಚಿಸದೆ ಪಾದ ತೆಗೆಯಿರಿ. ಗೇರ್ ಇರುವ ಕೆಝಡ್ ಕಾರ್ಟಿನಲ್ಲಿ ಕ್ಲಚ್ ಎಳೆಯಿರಿ. ಕ್ಲಚ್ಚೇ ಇಲ್ಲದ ಕಾರ್ಟಿನಲ್ಲಿ ಇಂಜಿನ್ ಹಿಡಿದುಕೊಂಡರೆ ಹಿಂದಿನ ಎರಡೂ ಚಕ್ರ ಒಟ್ಟಿಗೆ ಲಾಕ್ ಆಗುತ್ತವೆ. ಕೈ ಮೇಲೆತ್ತಿ ಹಿಂದಿನವರಿಗೆ ತಿಳಿಸಿ.

10. ಮೀಟರ್ ನೋಡಿ, ಪ್ಲಗ್ಗನ್ನೂ ನೋಡಿ.

ಹೊಗೆಯ ಉಷ್ಣತೆ ತೋರಿಸುವ ಮೀಟರ್ ಇದ್ದರೆ 600ರಿಂದ 650 ಡಿಗ್ರಿ ಸಾಮಾನ್ಯವಾಗಿ ಕಾಣುವ ಅಂಕಿ. ಸೆನ್ಸರ್ ಕೂತ ಜಾಗದ ಮೇಲೆ ಅಂಕಿ ಬದಲಾಗುವುದರಿಂದ ಪಕ್ಕದ ಪಿಟ್ಟಿನವರ ಲೆಕ್ಕ ನಿಮಗೆ ಬೇಡ. ನಿಮ್ಮದೇ ಇಂಜಿನ್ ಚೆನ್ನಾಗಿ ಓಡಿದ ದಿನದ ಅಂಕಿಯನ್ನು ಬರೆದಿಟ್ಟುಕೊಂಡು ಅದಕ್ಕೆ ಹೋಲಿಸಿ. ಪೂರ್ತಿ ವೇಗದಲ್ಲಿದ್ದಾಗಲೇ ಇಂಜಿನ್ ಆಫ್ ಮಾಡಿ ಬಂದು ಪ್ಲಗ್ ಬಿಚ್ಚಿದರೆ ಕಂದು ಬಣ್ಣ ಸರಿ, ಬೂದುಬಿಳುಪು ಎಚ್ಚರಿಕೆ. ಎನ್‌ಜಿಕೆ ಪ್ಲಗ್‌ಗಳಲ್ಲಿ ನಂಬರ್ ಹೆಚ್ಚಾದಷ್ಟೂ ಪ್ಲಗ್ ತಂಪು. ಇದನ್ನು ತಿರುಗಾಮುರುಗಾ ತಿಳಿದವರು ಬಹಳ.

11. ನಾಕಿಂಗನ್ನು ಹಗುರವಾಗಿ ಎಣಿಸಬೇಡಿ.

ಕಡಿಮೆ ಆಕ್ಟೇನ್ ಪೆಟ್ರೋಲ್, ಮುಂದಕ್ಕೆ ಜರುಗಿದ ಇಗ್ನಿಷನ್, ಹೆಡ್ ಮತ್ತು ಪಿಸ್ಟನ್ ನಡುವೆ ತೀರಾ ಕಡಿಮೆ ಜಾಗ, ಮೂರರಲ್ಲಿ ಒಂದಿದ್ದರೂ ಇಂಧನ ಸಿಡಿದು ಉರಿಯುತ್ತದೆ. ಹೆಲ್ಮೆಟ್ಟಿನೊಳಗೆ ಆ ಸದ್ದು ಕೇಳುವುದಿಲ್ಲ. ಹೆಡ್ ಮತ್ತು ಪಿಸ್ಟನ್ ನಡುವಿನ ಜಾಗ ತಿಳಿಯಲು ಪ್ಲಗ್ ರಂಧ್ರದಿಂದ ಸೋಲ್ಡರ್ ತಂತಿ ಇಳಿಸಿ, ಕ್ರ್ಯಾಂಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ವರ್ನಿಯರ್‌ನಲ್ಲಿ ಅಳೆದು ಕೈಪಿಡಿಗೆ ಹೋಲಿಸಿ.

12. ಇಂಜಿನ್ ಓಡಿದ ಗಂಟೆಗಳನ್ನು ಬರೆದಿಡಿ.

ಪಿಸ್ಟನ್, ರಿಂಗ್, ಬೇರಿಂಗ್‌ಗಳಿಗೆ ಆಯಸ್ಸಿದೆ. ನೆನಪನ್ನು ನಂಬದೆ ಪುಸ್ತಕ ಇಡಿ. ಹೊಸ ಪಿಸ್ಟನ್ ಹಾಕಿದ ದಿನ ದೊಡ್ಡ ಜೆಟ್ ಹಾಕಿ, ಸುತ್ತು ಏರಿಸಿ ಇಳಿಸುತ್ತಾ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು ಮತ್ತೆ ಓಡಿಸಿ. ರೇಸಿನ ದಿನ ಬೆಳಗ್ಗೆ ಹೊಸ ಪಿಸ್ಟನ್ ಹಾಕುವ ಕೆಲಸ ಬೇಡ.

13. ಸೀಜ್ ಆಯಿತೇ? ಪಿಸ್ಟನ್ ಓದಿದ ಮೇಲೆಯೇ ಹೊಸದನ್ನು ತನ್ನಿ.

ತಣ್ಣಗಾದ ಮೇಲೆ ಬಿಟ್ಟುಕೊಂಡಿತೆಂದು ಮತ್ತೆ ಸ್ಟಾರ್ಟ್ ಮಾಡಬೇಡಿ. ಬ್ಲಾಕ್ ಎತ್ತಿ, ಪಿಸ್ಟನ್ನನ್ನು ಒರೆಸದೆ ಬೆಳಕಿಗೆ ಹಿಡಿಯಿರಿ.

ಸುತ್ತಲೂ ನಾಲ್ಕು ಕಡೆ ಸಮದೂರದಲ್ಲಿ ಉದ್ದುದ್ದ ಗೀರು ಇದ್ದರೆ ಅದು ತಣ್ಣಗಿದ್ದಾಗ ರೇಸ್ ಕೊಟ್ಟದ್ದು. ಸೈಲೆನ್ಸರ್ ಕಡೆಗೇ ಗೀರಿದ್ದು, ತಲೆ ಒಣಗಿ ಬೂದುಬಣ್ಣವಾಗಿದ್ದರೆ ಲೀನ್. ಉರಿದ ಅನಿಲ ಹೊರಹೋಗುವ ಆ ಬದಿಯೇ ಯಾವಾಗಲೂ ಅತಿ ಬಿಸಿ. ತಣ್ಣನೆಯ ಪೆಟ್ರೋಲ್ ಬರುವ ಬದಿಯೂ ಸೇರಿ ಸುತ್ತಲೂ ಉಜ್ಜಿದ್ದು, ಪಿಸ್ಟನ್ ಪಿನ್ ನೀಲಿಗಟ್ಟಿದ್ದರೆ ಎಣ್ಣೆ ಬಂದಿಲ್ಲ. ತಲೆಯ ಅಂಚು ಕೊರೆದಂತೆ ಚುಕ್ಕಿಚುಕ್ಕಿಯಾಗಿದ್ದರೆ, ರಿಂಗ್ ಕೂರುವ ಜಾಗ ಮುರಿದಿದ್ದರೆ ನಾಕಿಂಗ್.

ಬೋರಿನ ವಿಷಯದಲ್ಲಿ ಆತುರ ಬೇಡ. ಗೋಡೆಗೆ ಅಂಟಿದ ಅಲ್ಯೂಮಿನಿಯಂ ತೆಗೆದು ನೋಡಿದರೆ ಎಷ್ಟೋ ಸಲ ಒಳಗಿನ ಮೈ ಹಾಗೇ ಇರುತ್ತದೆ. ಹತ್ತಿಕಡ್ಡಿಯಲ್ಲಿ ಮುರಿಯಾಟಿಕ್ ಆಸಿಡ್ ಅದ್ದಿ ಆ ಕಲೆಗೆ ಮಾತ್ರ ಮುಟ್ಟಿಸಿ, ನೊರೆ ನಿಂತ ಮೇಲೆ ನೀರಿನಲ್ಲಿ ತೊಳೆಯುವುದು ರೂಢಿ. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಕಡ್ಡಾಯ. ಬ್ಲಾಕೂ ಅಲ್ಯೂಮಿನಿಯಮ್ಮೇ, ಆಸಿಡ್ ಅದಕ್ಕೆ ಹರಿಯದಂತೆ ನೋಡಿಕೊಳ್ಳಿ. ಕಬ್ಬಿಣದ ಲೈನರ್ ಕೆಟ್ಟಿದ್ದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ನಿಕಾಸಿಲ್ ಲೇಪನದ ಬೋರಿಗೆ ಆ ದಾರಿಯಿಲ್ಲ. ಲೇಪನ ಕಿತ್ತಿದ್ದರೆ ಮರುಲೇಪನ ಅಥವಾ ಹೊಸ ಬ್ಲಾಕ್. ಆ ಲೇಪನಕ್ಕೆ ಒರಟು ಸ್ಯಾಂಡ್‌ಪೇಪರ್ ತೋರಿಸಲೂಬೇಡಿ.

ಪಿಸ್ಟನ್ನಿನ ಚೂರು ಕ್ರ್ಯಾಂಕ್ ಬೇರಿಂಗ್ ಸೇರಿರಬಹುದು, ಕೇಸನ್ನು ಬಿಚ್ಚಿಸಿ ತೊಳೆಸಿ. ಮತ್ತೆ ಜೋಡಿಸಿದ ಮೇಲೆ ಆರನೇ ಸೂತ್ರದ ಸೋರಿಕೆ ಪರೀಕ್ಷೆ ಮಾಡಿ, ಪಿಸ್ಟನ್ ಹೇಳಿದ ಕಾರಣವನ್ನು ಸರಿಪಡಿಸಿ, ಎರಡು ನಂಬರ್ ದೊಡ್ಡ ಜೆಟ್ ಹಾಕಿ, ಕ್ಯಾನಿನಲ್ಲಿ ಹೊಸದಾಗಿ ಅಳೆದು ಬೆರೆಸಿದ ಪೆಟ್ರೋಲ್ ತುಂಬಿ ಟ್ರ್ಯಾಕಿಗಿಳಿಯಿರಿ.